ಸ್ಯಾಮ್ಯುಯೆಲ್ ಜಾನ್ಸನ್: ಓದಿನಿಂದ ಹುಟ್ಟಿದ ನಿಘಂಟು

ಇಂಗ್ಲಿಷಿನ ಅಭಿಜಾತ ಸಾಹಿತ್ಯವನ್ನು ಮೂಲದಲ್ಲಿಯೇ ಓದಲು ಹೊರಡುವ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕು ಪದಸಂಪತ್ತಿನದು. ಈ ತೊಡಕನ್ನು ನಿವಾರಿಸಿಕೊಳ್ಳಲು ದೀರ್ಘವಾದ, ಅಪರೂಪದ, ಲ್ಯಾಟಿನ್ ಮೂಲದ ಪದಗಳ ಪಟ್ಟಿಯನ್ನು ಕಂಠಪಾಠ ಮಾಡುವುದು ಹಿಂದಿನಿಂದಲೂ ಬಂದ ರೂಢಿ. ಆದರೆ ಪಟ್ಟಿ ಕಂಠಸ್ಥವಾದ ಮೇಲೂ ಷೇಕ್ಸ್‌ಪಿಯರನ ಒಂದು ದೃಶ್ಯ ಅಥವಾ ಮಿಲ್ಟನ್ನನ ಒಂದು ಪುಟ ಬಿಡಿಸಲಾರದ ಗಂಟಾಗಿಯೇ ಉಳಿಯುವುದುಂಟು. ಕಠಿಣವೆನಿಸುವ ಪದ ಯಾವುದು, ಅದನ್ನು ಕಲಿಯುವ ದಾರಿ ಯಾವುದು ಎಂಬ ಪ್ರಶ್ನೆಯನ್ನು 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ತನ್ನ ಜೀವಮಾನದ ಕೆಲಸವಾಗಿ ಎದುರಿಸಿದವನು ಸ್ಯಾಮ್ಯುಯೆಲ್ ಜಾನ್ಸನ್. ಬಾಸ್ವೆಲ್ ರಚಿಸಿದ ಜೀವನಚರಿತ್ರೆಯ ಮೂಲಕ ಅವನು ವಾಗ್ವೈಖರಿಯ ಗೋಷ್ಠಿಪುರುಷನಾಗಿ ಹೆಚ್ಚು ಪ್ರಸಿದ್ಧನಾಗಿದ್ದಾನೆ. ಅವನ ನಿಘಂಟನ್ನು ಅವನ ಓದಿನ ಬದುಕಿನೊಂದಿಗೆ ಇಟ್ಟು ನೋಡಿದಾಗ ಬೇರೊಂದು ವ್ಯಕ್ತಿತ್ವ ಎದ್ದು ಕಾಣುತ್ತದೆ.

ಪುಸ್ತಕದಂಗಡಿಯ ಬಾಲ್ಯ

ಜಾನ್ಸನ್ ಹುಟ್ಟಿದ್ದು 1709ರ ಸೆಪ್ಟೆಂಬರ್ 18ರಂದು, ಸ್ಟಾಫರ್ಡ್‌ಷೈರಿನ ಲಿಚ್‌ಫೀಲ್ಡ್ ಪಟ್ಟಣದಲ್ಲಿ. ತಂದೆ ಮೈಕೇಲ್ ಜಾನ್ಸನ್ ಪುಸ್ತಕ ವ್ಯಾಪಾರಿ. ಮಗುವಿಗೆ ಎಳವೆಯಲ್ಲಿಯೇ ಗಂಡಮಾಲೆ ರೋಗ ತಗುಲಿತು. ರಾಜಸ್ಪರ್ಶದಿಂದ ಈ ರೋಗ ವಾಸಿಯಾಗುತ್ತದೆಂಬ ಅಂದಿನ ನಂಬಿಕೆಯಂತೆ 1712ರಲ್ಲಿ ಅವನನ್ನು ಲಂಡನ್ನಿಗೆ ಕರೆದೊಯ್ದು ರಾಣಿ ಆನ್‌ಳ ಕೈಯಿಂದ ಮುಟ್ಟಿಸಲಾಯಿತು. ರೋಗ ಕತ್ತಿನ ಮೇಲೆ ಕಲೆಗಳನ್ನು ಉಳಿಸಿತು. ಎಡಗಣ್ಣಿನ ದೃಷ್ಟಿ ಬಹುಮಟ್ಟಿಗೆ ನಷ್ಟವಾಯಿತು. ಮುಂದೆ ನೂರಾರು ಗ್ರಂಥಗಳ ಸಣ್ಣಕ್ಷರದ ಪುಟಗಳನ್ನು ಸಾಲುಸಾಲಾಗಿ ಶೋಧಿಸಬೇಕಾಗಿದ್ದ ಮನುಷ್ಯ ಆ ಕೆಲಸವನ್ನು ಮಾಡಿದ್ದು ಮುಖ್ಯವಾಗಿ ಒಂದೇ ಕಣ್ಣಿನ ಬಲದಿಂದ.

ತಂದೆಯ ಅಂಗಡಿಯೇ ಅವನ ನಿಜವಾದ ಪಾಠಶಾಲೆ. ತಮ್ಮ ಬಚ್ಚಿಟ್ಟ ಸೇಬಿನ ಹಣ್ಣುಗಳನ್ನು ಹುಡುಕುತ್ತ ಮೇಲಿನ ಕಪಾಟಿಗೆ ಹತ್ತಿದ ಹುಡುಗ ಅಲ್ಲಿ ಪೆಟ್ರಾರ್ಕನ ದೊಡ್ಡ ಗ್ರಂಥವೊಂದನ್ನು ಕಂಡು, ಹಣ್ಣನ್ನು ಮರೆತು ಓದುತ್ತ ಕುಳಿತನೆಂದು ಬಾಸ್ವೆಲ್ ದಾಖಲಿಸಿದ್ದಾನೆ. ಇನ್ನೊಂದು ಪ್ರಸಂಗ ಇದಕ್ಕಿಂತ ಮುಖ್ಯವಾದುದು. ಮನೆಯ ಕೆಳಗಣ ಅಡುಗೆಮನೆಯಲ್ಲಿ ಒಬ್ಬನೇ ಕುಳಿತು 'ಹ್ಯಾಮ್ಲೆಟ್' ನಾಟಕವನ್ನು ಓದುತ್ತಿದ್ದ ಬಾಲಕ, ಪ್ರೇತ ಕಾಣಿಸಿಕೊಳ್ಳುವ ದೃಶ್ಯಕ್ಕೆ ಬಂದಾಗ ಬೆದರಿ, ಸುತ್ತ ಮನುಷ್ಯರಿದ್ದಾರೆಂಬ ಧೈರ್ಯಕ್ಕಾಗಿ ಮೆಟ್ಟಿಲೇರಿ ಬೀದಿಬಾಗಿಲಿಗೆ ಓಡಿದನು. ಆ ನಾಟಕದ ಎಲ್ಲ ಪದಗಳೂ ಆ ಪ್ರಾಯದಲ್ಲಿ ಅವನಿಗೆ ತಿಳಿದಿದ್ದಿರಲಾರವು. ಪದಗಳೆಲ್ಲ ತಿಳಿಯುವ ಮೊದಲೇ ಸಾಹಿತ್ಯ ಓದುಗನನ್ನು ಹಿಡಿಯಬಲ್ಲುದೆಂಬುದಕ್ಕೆ ಅವನ ಬಾಲ್ಯವೇ ನಿದರ್ಶನ. ಈ ಅನುಭವ ಐದು ದಶಕಗಳ ಅನಂತರ ಅವನ ವಿಮರ್ಶೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

1728ರ ಅಕ್ಟೋಬರಿನಲ್ಲಿ ಅವನು ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜನ್ನು ಸೇರಿದನು. ಬಡತನ ಅವನನ್ನು ಬಿಡಲಿಲ್ಲ. ಹರಿದ ಪಾದರಕ್ಷೆಗಳನ್ನು ಕಂಡು ಮರುಗಿದ ಯಾರೋ ಹೊಸ ಜೊತೆಯೊಂದನ್ನು ಅವನ ಕೋಣೆಯ ಬಾಗಿಲಲ್ಲಿ ಇಟ್ಟುಹೋದಾಗ ಅವನು ಅದನ್ನು ಸಿಟ್ಟಿನಿಂದ ಎಸೆದನು. ಸುಮಾರು 13 ತಿಂಗಳ ಅನಂತರ ಪದವಿಯಿಲ್ಲದೆ ವಿಶ್ವವಿದ್ಯಾನಿಲಯವನ್ನು ತೊರೆದನು. 1731ರಲ್ಲಿ ತಂದೆ ತೀರಿಕೊಂಡನು. ಉಪಾಧ್ಯಾಯ ವೃತ್ತಿ ಕೈಹತ್ತಲಿಲ್ಲ. 1735ರಲ್ಲಿ ತನಗಿಂತ ಸುಮಾರು 20 ವರ್ಷ ಹಿರಿಯಳಾದ ಎಲಿಜಬೆತ್ ಪೋರ್ಟರ್ ಎಂಬ ವಿಧವೆಯನ್ನು ವಿವಾಹವಾಗಿ, ಲಿಚ್‌ಫೀಲ್ಡಿನ ಸಮೀಪದ ಎಡಿಯಲ್‌ನಲ್ಲಿ ಶಾಲೆಯೊಂದನ್ನು ತೆರೆದನು. ಅಲ್ಲಿಗೆ ಬಂದ ಬೆರಳೆಣಿಕೆಯ ವಿದ್ಯಾರ್ಥಿಗಳಲ್ಲಿ ಮುಂದೆ ಪ್ರಖ್ಯಾತ ನಟನಾದ ಡೇವಿಡ್ ಗ್ಯಾರಿಕ್ ಒಬ್ಬ. ಶಾಲೆ ಮುಚ್ಚಿದ ಮೇಲೆ 1737ರಲ್ಲಿ ಗುರುಶಿಷ್ಯರಿಬ್ಬರೂ ಲಂಡನ್ನಿನ ದಾರಿ ಹಿಡಿದರು.

ಒಪ್ಪಂದ ಮತ್ತು ಪೂರ್ವಪರಂಪರೆ

ಲಂಡನ್ನಿನಲ್ಲಿ ಜಾನ್ಸನ್ ಎಡ್ವರ್ಡ್ ಕೇವ್‌ನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಗೆ ಬರೆದು ಜೀವನ ಸಾಗಿಸಿದನು. ಹಾರ್ಲಿ ಮನೆತನದ ಮಹಾಗ್ರಂಥಾಲಯ ಮಾರಾಟಕ್ಕೆ ಬಂದಾಗ ಅದರ ಸೂಚಿಯನ್ನು ಸಿದ್ಧಪಡಿಸುವ ಕಾರ್ಯದಲ್ಲಿ ತೊಡಗಿದನು. 1745ರಲ್ಲಿ 'ಮ್ಯಾಕ್‌ಬೆತ್' ನಾಟಕದ ಮೇಲೆ ಟಿಪ್ಪಣಿಗಳನ್ನು ಪ್ರಕಟಿಸಿ, ಷೇಕ್ಸ್‌ಪಿಯರನ ಸಮಗ್ರ ಸಂಪಾದನೆಯ ಯೋಜನೆಯನ್ನು ಮುಂದಿಟ್ಟನು. ಪ್ರಕಾಶನದ ಹಕ್ಕು ತಮ್ಮದೆಂದು ಪ್ರಕಾಶಕರೊಬ್ಬರು ತಡೆಯೊಡ್ಡಿದ್ದರಿಂದ ಆ ಯೋಜನೆ ನಿಂತಿತು. ಮರುವರ್ಷ, 1746ರ ಜೂನ್ 18ರಂದು, ರಾಬರ್ಟ್ ಡಾಡ್ಸ್‌ಲಿ ಮೊದಲಾದ ಪುಸ್ತಕ ವ್ಯಾಪಾರಿಗಳ ಒಕ್ಕೂಟದೊಂದಿಗೆ ಇಂಗ್ಲಿಷ್ ನಿಘಂಟಿನ ಒಪ್ಪಂದಕ್ಕೆ ಅವನು ಸಹಿ ಹಾಕಿದನು. ಸಂಭಾವನೆ 1,500 ಗಿನಿ, ಎಂದರೆ 1,575 ಪೌಂಡು. ಸಹಾಯಕರ ವೇತನವನ್ನೂ ಇದರಲ್ಲಿಯೇ ಭರಿಸಬೇಕಾಗಿತ್ತು. ಮೂರು ವರ್ಷಗಳಲ್ಲಿ ಮುಗಿಸುವೆನೆಂದು ಎಣಿಸಿದ್ದ ಕೆಲಸ ಸುಮಾರು ಒಂಬತ್ತು ವರ್ಷಗಳನ್ನು ತೆಗೆದುಕೊಂಡಿತು.

ಇಂಗ್ಲಿಷಿನಲ್ಲಿ ಅದಕ್ಕೆ ಮುಂಚೆ ನಿಘಂಟುಗಳೇ ಇರಲಿಲ್ಲವೆಂದಲ್ಲ. 1604ರಲ್ಲಿ ರಾಬರ್ಟ್ ಕಾಡ್ರಿ ಪ್ರಕಟಿಸಿದ ಕೋಶದಲ್ಲಿ ಸುಮಾರು 2,500 ಪದಗಳಿದ್ದವು. ಅವು ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್ ಭಾಷೆಗಳಿಂದ ಬಂದ ಕಠಿಣ ಪದಗಳು; ಪ್ರತಿಯೊಂದಕ್ಕೂ ಒಂದೆರಡು ಸರಳ ಪದಗಳ ವಿವರಣೆ. 17ನೆಯ ಶತಮಾನದ ಕೋಶಗಳು ಬಹುತೇಕ ಇದೇ ಜಾಡನ್ನು ಹಿಡಿದವು. ಎಲ್ಲರೂ ಆಡುವ ಮಾತಿಗೆ ವಿವರಣೆಯ ಅಗತ್ಯವಿಲ್ಲ, ವಿದ್ವತ್ತಿನ ಪದಕ್ಕೆ ಮಾತ್ರ ಕೋಶ ಬೇಕು ಎಂಬ ತಿಳಿವಳಿಕೆ ಇದರ ಹಿಂದೆ ಇತ್ತು. 18ನೆಯ ಶತಮಾನದ ಮೊದಲ ಭಾಗದಲ್ಲಿ ನೇಥನ್ ಬೇಲಿಯ ಕೋಶಗಳು ಸಾಮಾನ್ಯ ಪದಗಳನ್ನೂ ಒಳಗೊಂಡವಾದರೂ ಆ ಪದಗಳ ಅರ್ಥವೈವಿಧ್ಯ ಅಲ್ಲಿ ಬಿಚ್ಚಿಕೊಳ್ಳಲಿಲ್ಲ. ಜಾನ್ಸನ್ ಈ ಪರಂಪರೆಯನ್ನು ಬಳಸಿಕೊಂಡನು. ಆದರೆ ಅದರ ಮೂಲ ಗ್ರಹಿಕೆಯನ್ನೇ ತಲೆಕೆಳಗು ಮಾಡಿದನು.

ಗಫ್ ಸ್ಕ್ವೇರಿನ ಮೇಲಟ್ಟ

ಲಂಡನ್ನಿನ ಗಫ್ ಸ್ಕ್ವೇರಿನ 17ನೆಯ ಸಂಖ್ಯೆಯ ಮನೆಯ ಮೇಲಟ್ಟದಲ್ಲಿ ನಿಘಂಟಿನ ಕಾರ್ಯ ನಡೆಯಿತು. ಲಿಪಿಕಾರರು ಆರು ಮಂದಿ. ಅವರಲ್ಲಿ ಐವರು ಸ್ಕಾಟ್ಲೆಂಡಿನವರು. ಜಾನ್ಸನ್ ಮಾಡಿದ ಮೊದಲ ಕೆಲಸ ಓದುವುದು. ತನ್ನಲ್ಲಿದ್ದ ಹಾಗೂ ಸ್ನೇಹಿತರಿಂದ ಎರವಲು ತಂದ ಗ್ರಂಥಗಳನ್ನು ಓದುತ್ತ, ಒಂದು ಪದದ ಅರ್ಥವನ್ನು ಚೆನ್ನಾಗಿ ಬೆಳಗಿಸುವ ವಾಕ್ಯ ಕಂಡಲ್ಲಿ ಆ ಪದದ ಕೆಳಗೆ ಸೀಸದ ಕಡ್ಡಿಯಿಂದ ಗೆರೆ ಎಳೆದು, ಅಂಚಿನಲ್ಲಿ ಅದರ ಮೊದಲ ಅಕ್ಷರವನ್ನು ಗುರುತಿಸುತ್ತಿದ್ದನು. ಲಿಪಿಕಾರರು ಆ ವಾಕ್ಯವನ್ನು ಚೀಟಿಗೆ ಇಳಿಸಿ ಅಕಾರಾದಿಯಾಗಿ ಜೋಡಿಸುತ್ತಿದ್ದರು. ಎರವಲು ಕೊಟ್ಟವರಿಗೆ ಮರಳಿದ ಪುಸ್ತಕಗಳು ಕೈಗೆ ತೆಗೆದುಕೊಳ್ಳಲಾಗದಷ್ಟು ಕೆಟ್ಟಿರುತ್ತಿದ್ದವೆಂಬ ದೂರು ಉಳಿದುಬಂದಿದೆ.

ಆಕರಗಳ ಆಯ್ಕೆಯಲ್ಲಿ ಅವನಿಗೆ ಸ್ಪಷ್ಟವಾದ ಕಾಲಮಿತಿಯಿತ್ತು. ಸರ್ ಫಿಲಿಪ್ ಸಿಡ್ನಿಯ ಕಾಲದಿಂದ, ಎಂದರೆ 16ನೆಯ ಶತಮಾನದ ಉತ್ತರಾರ್ಧದಿಂದ, 1660ರ ರಾಜಪುನಃಸ್ಥಾಪನೆಗೆ ಮುಂಚಿನ ಲೇಖಕರನ್ನು ಅವನು ಭಾಷೆಯ ಶುದ್ಧ ಸೆಲೆಯೆಂದು ಬಗೆದನು. ಅನಂತರದ ಡ್ರೈಡನ್, ಅಡಿಸನ್, ಪೋಪ್ ಮೊದಲಾದವರನ್ನೂ ಧಾರಾಳವಾಗಿ ಬಳಸಿಕೊಂಡನು. ಧರ್ಮದ ಪರಿಭಾಷೆಗೆ ಹೂಕರ್ ಮತ್ತು ಬೈಬಲಿನ ಇಂಗ್ಲಿಷ್ ಅನುವಾದ, ಪ್ರಕೃತಿವಿಜ್ಞಾನಕ್ಕೆ ಬೇಕನ್, ರಾಜನೀತಿ ಯುದ್ಧ ನೌಕಾಯಾನಗಳಿಗೆ ರ‍್ಯಾಲಿ, ಕಾವ್ಯಭಾಷೆಗೆ ಸ್ಪೆನ್ಸರ್ ಮತ್ತು ಸಿಡ್ನಿ, ದೈನಂದಿನ ಬದುಕಿನ ನುಡಿಗೆ ಷೇಕ್ಸ್‌ಪಿಯರ್ – ಹೀಗೆ ಕೆಲವೇ ಲೇಖಕರಿಂದ ಭಾಷೆಯ ಬಹುಪಾಲನ್ನು ಪಡೆಯಬಹುದೆಂದು ಅವನು ಕಂಡುಕೊಂಡಿದ್ದನು. ದೈನಂದಿನ ನುಡಿಗೆ ಮಹಾಕವಿಯೊಬ್ಬನನ್ನೇ ಆಕರವಾಗಿ ಹಿಡಿದದ್ದು ಇಲ್ಲಿ ಗಮನಾರ್ಹ.

1755ರ ಏಪ್ರಿಲ್ 15ರಂದು ನಿಘಂಟು ಎರಡು ಬೃಹತ್ ಸಂಪುಟಗಳಲ್ಲಿ ಹೊರಬಂದಿತು. 42,773 ಪದಗಳು, ಅವುಗಳಿಗೆ ಆಧಾರವಾಗಿ ಸುಮಾರು 1,14,000 ಪ್ರಯೋಗಗಳು. ಹೀಗಾಗಿ ಅದು ಪದಕೋಶವಾಗಿರುವಂತೆಯೇ ಇಂಗ್ಲಿಷ್ ಸಾಹಿತ್ಯದ ಮಹಾಸಂಕಲನವೂ ಆಯಿತು. ಬೆಲೆ ನಾಲ್ಕು ಪೌಂಡು ಹತ್ತು ಷಿಲ್ಲಿಂಗ್. ಸಾಮಾನ್ಯ ಓದುಗನಿಗೆ ಎಟುಕದ ಮೊತ್ತ. 1756ರಲ್ಲಿ ಹತ್ತು ಷಿಲ್ಲಿಂಗಿನ ಸಂಕ್ಷಿಪ್ತ ಆವೃತ್ತಿ ಪ್ರಕಟವಾಯಿತು. ಅದರಲ್ಲಿ ಲೇಖಕರ ಹೆಸರು ಉಳಿದು ಪ್ರಯೋಗದ ವಾಕ್ಯಗಳು ಬಿಟ್ಟುಹೋದವು. ಹೆಚ್ಚು ಮನೆಗಳನ್ನು ತಲುಪಿದ್ದು ಈ ಎರಡನೆಯದೇ ಎಂಬುದು ಒಂದು ವಿಪರ್ಯಾಸ.

ಕಿರಿಯ ಪದಗಳ ಕಾಠಿಣ್ಯ

ಓದುಗನನ್ನು ನಿಜವಾಗಿ ಕಾಡುವುದು ಹಿರಿದಾದ ಪದವಲ್ಲ, ಕಿರಿದಾದ ಪದ ಎಂಬುದು ಜಾನ್ಸನ್ನನ ಮುಖ್ಯ ಶೋಧ. ಲ್ಯಾಟಿನ್ ಮೂಲದ ದೀರ್ಘಪದಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಅರ್ಥ. ಒಮ್ಮೆ ತಿಳಿದರೆ ಮುಗಿಯಿತು. ಗೆಟ್, ಗಿವ್, ಪುಟ್, ಸೆಟ್, ರನ್, ಟೇಕ್, ಟರ್ನ್ ಮುಂತಾದ ಕ್ರಿಯಾಪದಗಳ ಸ್ಥಿತಿ ಹಾಗಲ್ಲ. ಇವುಗಳ ಅರ್ಥ ಎಷ್ಟು ಸಡಿಲವೂ ವ್ಯಾಪಕವೂ ಆಗಿದೆಯೆಂದರೆ ಮೂಲಾರ್ಥದಿಂದ ಹೊರಟ ಕವಲುಗಳನ್ನು ಹಿಂಬಾಲಿಸುವುದೇ ದುಸ್ತರವೆಂದು ಅವನು ಮುನ್ನುಡಿಯಲ್ಲಿ ತೋಡಿಕೊಂಡಿದ್ದಾನೆ. ಟೇಕ್ ಎಂಬ ಒಂದು ಪದಕ್ಕೆ ಅವನು 134 ಅರ್ಥಗಳನ್ನು ವಿಂಗಡಿಸಿದನು. ಅದರ ವಿವರಣೆ ಐದು ಪುಟಗಳಷ್ಟು ಹಬ್ಬಿತು. ಕ್ರಿಯಾಪದದ ಮುಂದೆ ಆಫ್, ಆನ್, ಔಟ್ ಮೊದಲಾದ ಅವ್ಯಯ ಬಂದು ಸೇರಿದಾಗ ಹುಟ್ಟುವ ಹೊಸ ಅರ್ಥಗಳು ಪರಭಾಷಿಕರಿಗೆ ಅತ್ಯಂತ ಕ್ಲಿಷ್ಟವೆಂಬುದನ್ನು ಗುರುತಿಸಿ ಅವುಗಳನ್ನು ಶ್ರಮವಹಿಸಿ ಸಂಗ್ರಹಿಸಿದನು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವ ಭಾರತೀಯ ವಿದ್ಯಾರ್ಥಿಯ ಅನುಭವ ಇಂದಿಗೂ ಇದಕ್ಕೆ ಸಾಕ್ಷಿ.

ಮತ್ತೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಪದ ಪರಿಚಿತವಾಗಿಯೇ ಇರುತ್ತದೆ. ಅರ್ಥ ಮಾತ್ರ ಬದಲಾಗಿರುತ್ತದೆ. ಲೆಟ್ ಎಂದರೆ ಬಿಡು ಎಂಬುದು ಎಲ್ಲರಿಗೂ ತಿಳಿದ ಅರ್ಥ. ಹಳೆಯ ಇಂಗ್ಲಿಷ್ ಸಾಹಿತ್ಯದಲ್ಲಿ ಅದೇ ರೂಪದ ಪದಕ್ಕೆ ತಡೆ ಎಂಬ ವಿರುದ್ಧಾರ್ಥವೂ ಉಂಟು. ಪ್ರೇತದ ಹಿಂದೆ ಹೋಗದಂತೆ ಹಿಡಿದ ಗೆಳೆಯರನ್ನು ಗದರಿಸುವಾಗ ಹ್ಯಾಮ್ಲೆಟ್ ಬಳಸುವುದು ಈ ಎರಡನೆಯ ಅರ್ಥದಲ್ಲಿ. ಪರಿಚಿತ ಅರ್ಥವನ್ನೇ ಹಿಡಿದು ಓದಿದವನಿಗೆ ಆ ಮಾತು ತಿರುವುಮುರುವಾಗುತ್ತದೆ. ಫಾಂಡ್ ಎಂಬುದಕ್ಕೆ ಜಾನ್ಸನ್ ಕೊಡುವ ಮೊದಲ ಅರ್ಥ ಅವಿವೇಕಿ ಎಂದು. ಪ್ರಿವೆಂಟ್ ಎಂಬುದಕ್ಕೆ ಮುಂದಾಗಿ ಹೋಗು ಎಂದು. ಅಪರಿಚಿತ ಪದ ತನ್ನನ್ನು ತಾನೇ ತೋರಿಸಿಕೊಂಡು ಓದುಗನನ್ನು ಕೋಶದ ಬಳಿಗೆ ಕಳುಹಿಸುತ್ತದೆ. ಪರಿಚಿತವೆನಿಸುವ ಪದ ಹಾಗೆ ಮಾಡದೆ ಸದ್ದಿಲ್ಲದೆ ದಾರಿತಪ್ಪಿಸುತ್ತದೆ. ಹಳಗನ್ನಡ ಕಾವ್ಯವನ್ನು ಓದುವವನು ಕೂಸು ಎಂಬ ಪದವನ್ನು ಕಂಡಲ್ಲೆಲ್ಲ ಹಸುಗೂಸೆಂದೇ ತಿಳಿದರೆ, ಕನ್ಯೆ ಎಂಬ ಅರ್ಥದ ಪ್ರಸಂಗದಲ್ಲಿ ಎಡವುವುದು ಹೀಗೆಯೇ. ಇಂತಹ ಪದಗಳನ್ನು ಅರ್ಥನಿರೂಪಣೆಯೊಂದರಿಂದಲೇ ಕಲಿಸಲಾಗದು. ಪ್ರಯೋಗದ ಸಂದರ್ಭವೇ ಅವುಗಳ ಗುರು. ಜಾನ್ಸನ್ ಒಂದೊಂದು ಅರ್ಥದ ಕೆಳಗೂ ಕವಿವಾಕ್ಯವನ್ನು ಇರಿಸಿದ್ದರ ಔಚಿತ್ಯ ಇಲ್ಲಿದೆ.

ಈ ಸಾಧನೆಯ ಜೊತೆಗೆ ದೋಷಗಳೂ ಇವೆ. ಗಾಳಿ ಬೀಸುವ ಕಡೆ ಮತ್ತು ಅದರ ವಿರುದ್ಧ ದಿಕ್ಕು ಎಂಬ ಎರಡು ನೌಕಾಪದಗಳಿಗೆ ಅವನು ಒಂದೇ ಅರ್ಥವನ್ನು ಬರೆದುಬಿಟ್ಟನು. ಕುದುರೆಯ ಗೊರಸಿನ ಮೇಲ್ಭಾಗವನ್ನು ಹೇಳುವ ಪದಕ್ಕೆ ಮೊಣಕಾಲೆಂದು ಅರ್ಥ ಕೊಟ್ಟನು. ಕಾರಣವೇನೆಂದು ಮಹಿಳೆಯೊಬ್ಬಳು ಕೇಳಿದಾಗ ತನ್ನ ಅಜ್ಞಾನವೇ ಕಾರಣವೆಂದು ಮರೆಮಾಚದೆ ಒಪ್ಪಿಕೊಂಡನು. ಬಲೆಯಂತಹ ಹೆಣಿಗೆಯನ್ನು ಸೂಚಿಸುವ ಸರಳ ಪದವೊಂದನ್ನು ಅವನು ವಿವರಿಸಿದ್ದು ಅದಕ್ಕಿಂತ ಎಷ್ಟೋ ಪಾಲು ಕ್ಲಿಷ್ಟವಾದ ಲ್ಯಾಟಿನ್ ಪದಗಳಿಂದ. ನಗೆಗೆ ವಸ್ತುವಾದ ಈ ವಿವರಣೆಯೂ ಅವನ ಶೋಧವನ್ನೇ ಸಮರ್ಥಿಸುತ್ತದೆ: ಅತಿ ಸರಳವಾದುದನ್ನು ಅದಕ್ಕಿಂತ ಸರಳವಾದುದರಿಂದ ವಿವರಿಸುವುದು ಅಸಾಧ್ಯ.

ಕೆಲಸ ಕೇಳಿದ ಬೆಲೆ

1747ರಲ್ಲಿ ಪ್ರಕಟಿಸಿದ ಯೋಜನಾಪತ್ರವನ್ನು ಜಾನ್ಸನ್ ಲಾರ್ಡ್ ಚೆಸ್ಟರ್‌ಫೀಲ್ಡ್‌ನಿಗೆ ಸಂಬೋಧಿಸಿದ್ದನು. ಹತ್ತು ಪೌಂಡುಗಳ ಕೊಡುಗೆಯ ಹೊರತು ಆ ಶ್ರೀಮಂತನಿಂದ ಏನೂ ಬರಲಿಲ್ಲ. ನಿಘಂಟಿನ ನಡುವೆಯೇ 1750ರಿಂದ 1752ರವರೆಗೆ ಜೀವನೋಪಾಯಕ್ಕಾಗಿ 'ರ‍್ಯಾಂಬ್ಲರ್' ಪತ್ರಿಕೆಯ 208 ಸಂಚಿಕೆಗಳನ್ನು ಹೊರಡಿಸಿದನು. ಅದು ನಿಂತ 1752ರ ಮಾರ್ಚ್ ತಿಂಗಳಲ್ಲಿಯೇ ಪತ್ನಿ ತೀರಿಕೊಂಡಳು. ಗ್ರಂಥ ಮುಗಿಯುತ್ತ ಬಂದಾಗ, 1754ರ ಕೊನೆಯಲ್ಲಿ, ಚೆಸ್ಟರ್‌ಫೀಲ್ಡ್ ಎರಡು ಪ್ರಶಂಸಾ ಲೇಖನಗಳನ್ನು ಬರೆದನು. 1755ರ ಫೆಬ್ರವರಿ 7ರಂದು ಜಾನ್ಸನ್ ಅವನಿಗೆ ಬರೆದ ಪತ್ರ ಆಶ್ರಯದಾತರ ಕೃಪೆಯನ್ನು ನಿರಾಕರಿಸಿದ ಲೇಖಕಸ್ವಾಭಿಮಾನದ ದಾಖಲೆಯಾಗಿ ಪ್ರಸಿದ್ಧವಾಗಿದೆ. ಯೌವನದಲ್ಲಿ ಪಾದರಕ್ಷೆಗಳನ್ನು ಎಸೆದ ಕೈಯೇ ಈ ಪತ್ರವನ್ನೂ ಬರೆಯಿತು. ಅದೇ ತಿಂಗಳಲ್ಲಿ ಆಕ್ಸ್‌ಫರ್ಡ್ ಅವನಿಗೆ ಎಂ.ಎ. ಪದವಿಯನ್ನಿತ್ತು, ಗ್ರಂಥದ ಮುಖಪುಟದಲ್ಲಿ ಅದನ್ನು ನಮೂದಿಸಲು ಅವಕಾಶವಾಯಿತು.

ಕೀರ್ತಿ ಬಂದರೂ ಸಂಪತ್ತು ಬರಲಿಲ್ಲ. 1756ರ ಮಾರ್ಚ್‌ನಲ್ಲಿ ಆರು ಪೌಂಡಿಗಿಂತಲೂ ಕಡಿಮೆ ಮೊತ್ತದ ಸಾಲಕ್ಕಾಗಿ ಅವನ ಬಂಧನವಾಯಿತು. ಕಾದಂಬರಿಕಾರ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಹಣ ಕಳುಹಿಸಿ ಬಿಡಿಸಿದನು. 1759ರಲ್ಲಿ ತಾಯಿ ತೀರಿಕೊಂಡಾಗ ಅಂತ್ಯಕ್ರಿಯೆಯ ವೆಚ್ಚಕ್ಕಾಗಿ 'ರ‍್ಯಾಸೆಲಸ್' ಕಥೆಯನ್ನು ಒಂದು ವಾರದ ಸಂಜೆಗಳಲ್ಲಿ ಬರೆದನೆಂದು ಬಾಸ್ವೆಲ್ ತಿಳಿಸುತ್ತಾನೆ. 1762ರಲ್ಲಿ ದೊರೆ ಮೂರನೆಯ ಜಾರ್ಜನಿಂದ ವರ್ಷಕ್ಕೆ 300 ಪೌಂಡುಗಳ ವೇತನ ದೊರೆತ ಮೇಲೆಯೇ ಬಡತನ ನೀಗಿದ್ದು. ರಾಜವೇತನವೆಂಬ ಪದಕ್ಕೆ ತನ್ನ ನಿಘಂಟಿನಲ್ಲಿ ಕಟುವಾದ ಅರ್ಥ ಬರೆದಿದ್ದವನು ಅದನ್ನು ಸ್ವೀಕರಿಸಿದ್ದು ಅವನ ವಿರೋಧಿಗಳಿಗೆ ಗ್ರಾಸವಾಯಿತು.

ಈ ವರ್ಷಗಳು ಅವನ ಒಂದು ನಂಬಿಕೆಯನ್ನೂ ಬದಲಿಸಿದವು. ಭಾಷೆಯ ಚಲನೆಯನ್ನು ತಡೆದು ಅದನ್ನು ಸ್ಥಿರಗೊಳಿಸಬಹುದೆಂಬ ಆಶಯ 1747ರ ಯೋಜನೆಯಲ್ಲಿ ಇತ್ತು. 1755ರ ಮುನ್ನುಡಿಯಲ್ಲಿ ಆ ಆಶಯ ವ್ಯರ್ಥವೆಂದು ಅವನು ಒಪ್ಪಿಕೊಂಡನು. ಒಂದೇ ಪದ ಕಾಲಕಾಲಕ್ಕೆ ಬೇರೆ ಬೇರೆ ಅರ್ಥಗಳನ್ನು ಹೊತ್ತು ನಿಂತದ್ದನ್ನು ಲಕ್ಷಾಂತರ ಸಾಲುಗಳಲ್ಲಿ ಕಂಡವನಿಗೆ ಬೇರೆ ತೀರ್ಮಾನ ಸಾಧ್ಯವಿರಲಿಲ್ಲ.

ನಿಘಂಟಿನಿಂದ ಮತ್ತೆ ನಾಟಕಕ್ಕೆ

1745ರಲ್ಲಿ ನಿಂತುಹೋಗಿದ್ದ ಷೇಕ್ಸ್‌ಪಿಯರ್ ಸಂಪಾದನೆ 1765ರ ಅಕ್ಟೋಬರಿನಲ್ಲಿ ಎಂಟು ಸಂಪುಟಗಳಲ್ಲಿ ಕೈಗೂಡಿತು. ನಿಘಂಟಿಗಾಗಿ ಪಟ್ಟ ಶ್ರಮ ಇಲ್ಲಿ ನೇರವಾಗಿ ಉಪಯೋಗಕ್ಕೆ ಬಂದಿತು. ಆದರೂ ಮುನ್ನುಡಿಯಲ್ಲಿ ಅವನು ಹೊಸ ಓದುಗನಿಗೆ ಕೊಟ್ಟ ಸಲಹೆ ನಿಘಂಟುಕಾರನಿಂದ ನಿರೀಕ್ಷಿಸುವಂಥದಲ್ಲ. ಮೊದಲ ಓದಿನಲ್ಲಿ ವ್ಯಾಖ್ಯಾನಕಾರರನ್ನು ಸಂಪೂರ್ಣವಾಗಿ ಕಡೆಗಣಿಸಿ, ತಿಳಿದದ್ದರೊಂದಿಗೆ ತಿಳಿಯದ್ದನ್ನೂ ದಾಟಿಕೊಂಡು, ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ ಓದಬೇಕು. ಹೊಸತನದ ಸಂತೋಷ ತೀರಿದ ಮೇಲೆ ಟಿಪ್ಪಣಿಗಳತ್ತ ತಿರುಗಬೇಕು. ಹೆಜ್ಜೆಹೆಜ್ಜೆಗೂ ಟಿಪ್ಪಣಿಯನ್ನು ನೋಡಿದರೆ ಮನಸ್ಸು ತಣ್ಣಗಾಗುತ್ತದೆ. ಕೃತಿಯ ಸಮಗ್ರತೆ ಕೈತಪ್ಪುತ್ತದೆ. ಒಂಬತ್ತು ವರ್ಷ ಪದಾರ್ಥಗಳನ್ನೇ ಬರೆದವನು, ಅರ್ಥವನ್ನು ಹುಡುಕಿಕೊಂಡು ನಿಲ್ಲಬೇಡವೆಂದು ಹೇಳಿದ್ದು ವಿರೋಧಾಭಾಸವೆಂದು ತೋರಬಹುದು. ಲಿಚ್‌ಫೀಲ್ಡಿನ ಅಡುಗೆಮನೆಯಿಂದ ಓಡಿದ ಬಾಲಕನನ್ನು ನೆನೆದರೆ ಅದು ಹಾಗೆ ತೋರದು. 'ಕಿಂಗ್ ಲಿಯರ್' ನಾಟಕದಲ್ಲಿ ಕಾರ್ಡೀಲಿಯಳ ಸಾವನ್ನು ಓದಿ ನೊಂದ ತಾನು, ಸಂಪಾದಕನಾಗಿ ಪರಿಷ್ಕರಿಸಬೇಕಾಗುವವರೆಗೆ ಕೊನೆಯ ದೃಶ್ಯಗಳನ್ನು ಮತ್ತೆ ಓದಲಾರದೆ ಹೋದೆನೆಂದು ಅವನೇ ಟಿಪ್ಪಣಿಯಲ್ಲಿ ದಾಖಲಿಸಿದ್ದಾನೆ. ಪದಜ್ಞಾನ ಓದಿಗೆ ಪ್ರವೇಶಪತ್ರವಲ್ಲ. ಮರು ಓದಿಗೆ ಬೆಳಕು ಎಂಬುದು ಅವನ ನಿಲುವು.

ಪತ್ನಿ ಗತಿಸಿದ ಕೆಲವೇ ದಿನಗಳಲ್ಲಿ, ಜಮೈಕಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಫ್ರಾನ್ಸಿಸ್ ಬಾರ್ಬರ್ ಎಂಬ ಹುಡುಗ ಅವನ ಮನೆಗೆ ಬಂದಿದ್ದನು. ಜಾನ್ಸನ್ ಅವನನ್ನು ಸ್ವಂತ ಖರ್ಚಿನಿಂದ ಬಿಷಪ್ಸ್ ಸ್ಟಾರ್ಟ್‌ಫರ್ಡಿನ ಶಾಲೆಗೆ ಕಳುಹಿಸಿ ಓದಿಸಿದನು. ಉಯಿಲಿನಲ್ಲಿ ತನ್ನ ಆಸ್ತಿಯ ಮುಖ್ಯ ಹಕ್ಕುದಾರನನ್ನಾಗಿ ಮಾಡಿದನು. 1773ರಲ್ಲಿ ನಿಘಂಟಿನ ಪರಿಷ್ಕೃತ ನಾಲ್ಕನೆಯ ಆವೃತ್ತಿ ಹೊರಬಂದಿತು. 1779ರಿಂದ 1781ರ ಅವಧಿಯಲ್ಲಿ ಇಂಗ್ಲಿಷ್ ಕವಿಗಳ ಚರಿತೆಗಳು ಪ್ರಕಟವಾದವು. 1784ರ ಡಿಸೆಂಬರ್ 13ರಂದು ಜಾನ್ಸನ್ ನಿಧನನಾದನು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವನ ಸಮಾಧಿಯಿದೆ.

ಚೀಟಿಯಲ್ಲಿ ಪ್ರಯೋಗವನ್ನು ಸಂಗ್ರಹಿಸಿ ಅದರಿಂದ ಅರ್ಥವನ್ನು ನಿರ್ಣಯಿಸುವ ವಿಧಾನ 1884ರಿಂದ 1928ರವರೆಗೆ ಭಾಗಭಾಗವಾಗಿ ಹೊರಬಂದ ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ಇನ್ನೂ ವ್ಯಾಪಕವಾಗಿ ಬೆಳೆಯಿತು. ಪ್ರಯೋಗವೇ ಪ್ರಮಾಣವೆಂಬ ತತ್ತ್ವ ಕನ್ನಡಕ್ಕೂ ಹೊರಗಿನದಲ್ಲ. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ತನ್ನ ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನೇ ಆಧಾರವಾಗಿ ಇಟ್ಟನು. 1995ರಲ್ಲಿ ಎಂಟು ಸಂಪುಟಗಳಾಗಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಶಾಸನ ಕಾವ್ಯಗಳ ಪ್ರಯೋಗಗಳೊಂದಿಗೇ ಅರ್ಥವನ್ನು ಕೊಡುತ್ತದೆ. ಪಂಪನನ್ನು ಓದಲಿ, ಮಿಲ್ಟನ್ನನನ್ನು ಓದಲಿ, ಅರ್ಥಕೋಷ್ಟಕವನ್ನು ಮೊದಲು ಮುಗಿಸಿ ಆಮೇಲೆ ಕಾವ್ಯಕ್ಕೆ ಬರುವೆನೆಂದು ಕಾಯುವ ವಿದ್ಯಾರ್ಥಿ ಆ ಕೋಷ್ಟಕದಲ್ಲಿಯೇ ಉಳಿದುಬಿಡುವ ಅಪಾಯವಿದೆ. ಒಂದು ಕಣ್ಣಿನಿಂದ ಒಂದು ಸಾಹಿತ್ಯವನ್ನೇ ಓದಿ ಮುಗಿಸಿದ ಜಾನ್ಸನ್ ಪದಗಳನ್ನು ಕಲಿತದ್ದು ಗ್ರಂಥಗಳಲ್ಲಿ. ನಿಘಂಟನ್ನು ರಚಿಸಿದ್ದು ಓದುಗ ಮತ್ತೆ ಆ ಗ್ರಂಥಗಳಿಗೇ ಮರಳಲೆಂದು.